ಲೈನು ಹೋದ ಮೇಲೂ ಒಳಗೇ ಉಳಿದವರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟರೆ ನಡುವೆ ಮಸ್ಕಿ. ಈ ಹಾದಿಯ ಅಡತಿ ಅಂಗಡಿ, ಅಕ್ಕಿ ಗಿರಣಿಗಳಿಗೆ ಕಂಪ್ಯೂಟರ್ ಹೊಸದಾಗಿ ಬಂದ ಕಾಲ ನನಗೆ ಚೆನ್ನಾಗಿ ನೆನಪಿದೆ. ತುಂಗಭದ್ರಾ ಎಡದಂಡೆ ನಾಲೆಯ ಭತ್ತ ಒಕ್ಕಣೆಯಾಗಿ ಬಂತೆಂದರೆ ಲೆಕ್ಕ ಬರೆಯಲು ಕೈ ಸಾಲದು. ಸಿಂಧನೂರಿನಲ್ಲಿ ಸ್ಕೋ ಯುನಿಕ್ಸ್ ಹಾಕಿದ ಒಂದು ಮಶೀನು, ಅದರಲ್ಲಿ ಫಾಕ್ಸ್‌ಬೇಸ್ ಲೆಕ್ಕ. ಮಸ್ಕಿ, ಲಿಂಗಸುಗೂರಿನ ಗುಮಾಸ್ತರು ಫೋನಿಗೆ ಮೋಡೆಮ್ ಹಚ್ಚಿ ಅಲ್ಲಿಂದಲೇ ಒಳಗೆ ಲಾಗಿನ್ ಆಗುತ್ತಿದ್ದರು.

ಲೈನು ಕಟ್ಟಾಗುವುದಕ್ಕೆ ನೂರು ಕಾರಣ. ಮಳೆಗೆ ಕಂಬದ ಮೇಲಿನ ಜಾಯಿಂಟು ನೆನೆಯುತ್ತದೆ. ಒಳಕೋಣೆಯಲ್ಲಿ ಯಾರೋ ಪ್ಯಾರಲಲ್ ಫೋನ್ ಎತ್ತುತ್ತಾರೆ. ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಮೋಡೆಮ್ಮಿನ ವೈರು ಗೋಡೆಯ ಸಾಕೆಟ್ಟಿನಲ್ಲೇ ಇರುತ್ತದೆ. ಕರೆಂಟು ಹೋದರೆ ಮುಗಿಯಿತು. ಇಷ್ಟೇ ಆಗಿದ್ದರೆ ಮತ್ತೆ ಡಯಲ್ ಮಾಡಿದರೆ ಸಾಕಿತ್ತು. ಆದರೆ ಗುಮಾಸ್ತ ನನಗೆ ಹೇಳುತ್ತಿದ್ದುದು ಬೇರೆ: "ಸರ, ಲೈನ್ ಕಟ್ಟಾಗ್ಯದ್ರಿ. ಮತ್ತ ಒಳಗ ಹೋದ್ರ ರೆಕಾರ್ಡ್ ಲಾಕ್ ಆಗ್ಯದ ಅಂತ ತೋರಿಸ್ತದ್ರಿ." ಲಾಕ್ ಮಾಡಿದವನು ಅವನೇ, ಐದು ನಿಮಿಷ ಹಿಂದಿನ ಅವನು! ಮಶೀನಿನ ಪಾಲಿಗೆ ಆತ ಇನ್ನೂ ಎದ್ದು ಹೋಗಿರಲಿಲ್ಲ.

ಮೊದಲು ನೋಡಬೇಕಾದದ್ದು ಸಿಂಧನೂರಿನ ಮೋಡೆಮ್ಮಿನ ಮೇಲಿನ ಸಿಡಿ (ಕ್ಯಾರಿಯರ್ ಡಿಟೆಕ್ಟ್) ಎಂಬ ಪುಟ್ಟ ಕೆಂಪು ದೀಪ. ಆ ಕಡೆಯ ಸದ್ದು ನಿಂತೊಡನೆ ಅದು ಆರುತ್ತದೆ. ಆರಿದ ಸುದ್ದಿ 25 ಪಿನ್ನಿನ ಕೇಬಲ್ಲಾದರೆ 8ನೇ ಪಿನ್ನಿನ ಮೇಲೆ ಕಂಪ್ಯೂಟರಿಗೆ ಹೋಗಬೇಕು. ಯುನಿಕ್ಸ್ ಆಗ ಆ ಲಾಗಿನ್ನಿಗೆ ಹ್ಯಾಂಗಪ್ ಸಿಗ್ನಲ್ ಕಳಿಸಿ ಹೊರಹಾಕುತ್ತದೆ. ಮೂರೇ ವೈರಿನ ಅಗ್ಗದ ಕೇಬಲ್ಲಿನಲ್ಲಿ 8ನೇ ಪಿನ್ನೇ ಇರುವುದಿಲ್ಲ. ಕೇಬಲ್ ಸರಿಯಿದ್ದರೂ ಸ್ಕೋದಲ್ಲಿ ಇನ್ನೊಂದು ತಿರುವಿದೆ: ಒಂದೇ ಪೋರ್ಟಿಗೆ ಎರಡು ಹೆಸರು. ಟಿಟಿವೈ1 ಆದ ಮೇಲೆ ಸಣ್ಣ ಎ ಹಾಕಿದರೆ ಮಶೀನು ಮೋಡೆಮ್ಮಿನ ಸಿಗ್ನಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ದೊಡ್ಡ ಎ ಹಾಕಿದರೆ ಹಿಡಿಯುತ್ತದೆ. ಒಂದಕ್ಷರದಲ್ಲಿ ಇಡೀ ದಿನದ ಕೆಲಸ ನಿಂತದ್ದನ್ನು ಕಂಡಿದ್ದೇನೆ. ಮೋಡೆಮ್ಮಿಗೂ ಎಟಿ&ಸಿ1, ಎಟಿ&ಡಿ2 ಎಂದು ಹೇಳಿ, ಎಟಿ&ಡಬ್ಲ್ಯು ಎಂದು ಉಳಿಸಿಡಬೇಕು. ಉಳಿಸದಿದ್ದರೆ ಕರೆಂಟು ಹೋಗಿ ಬಂದಾಗ ಎಲ್ಲ ಮೊದಲಿನಂತೆ.

ಹೀಗೆ ಒಳಗೆ ಉಳಿದ ಪ್ರೋಗ್ರಾಂಗಳಲ್ಲಿ ಕೆಲವು ಸುಮ್ಮನೆ ಕೂತಿರುತ್ತವೆ. ಇನ್ನು ಕೆಲವು ಹ್ಯಾಂಗಪ್ ಬಂದರೂ ಕಿವಿಗೆ ಹಾಕಿಕೊಳ್ಳದೆ, ಆ ಕಡೆಯವರು ಫೋನ್ ಇಟ್ಟದ್ದು ತಿಳಿಯದೆ "ಹಲೋ, ಹಲೋ" ಅನ್ನುವವರಂತೆ, ಇಲ್ಲದ ಕೀಬೋರ್ಡಿನಿಂದ ಓದಲು ಸೆಕೆಂಡಿಗೆ ಸಾವಿರಾರು ಸಲ ಯತ್ನಿಸುತ್ತವೆ. ಮಶೀನಿನ ಶಕ್ತಿಯೆಲ್ಲ ಅದಕ್ಕೇ ಖರ್ಚು. ಉಳಿದವರ ಸ್ಕ್ರೀನಿನಲ್ಲಿ ಒತ್ತಿದ ಅಕ್ಷರ ಮೂಡುವುದಿಲ್ಲ. ಪಿಎಸ್ ಕೊಟ್ಟರೆ ಯಾವುದರ ಸಮಯ ಓಡುತ್ತಿದೆಯೆಂದು ತಿಳಿಯುತ್ತದೆ. ಸಿಟ್ಟಿನಲ್ಲಿ ಮೊದಲೇ ಕಿಲ್ 9 ಕೊಡಬಾರದು. 1 ಕೊಡಿ, ಆಮೇಲೆ 15, ಯಾವುದಕ್ಕೂ ಬಗ್ಗದಿದ್ದರೆ ಮಾತ್ರ 9. ಅದು ಫೈಲು ಮುಚ್ಚಲು ಪ್ರೋಗ್ರಾಮಿಗೆ ಅವಕಾಶವನ್ನೇ ಕೊಡುವುದಿಲ್ಲ. ಇಂಡೆಕ್ಸ್ ಕೆಟ್ಟರೆ ರೈತರ ಬಾಕಿ ಲೆಕ್ಕ ಏರುಪೇರಾಗುತ್ತದೆ.

ಇದಕ್ಕಿಂತ ಭಯದ ಸಂಗತಿ ಒಂದಿದೆ. ಹಳೆಯ ಲಾಗಿನ್ ತೆರೆದೇ ಇದ್ದಾಗ ಲಿಂಗಸುಗೂರಿನವರು ಡಯಲ್ ಮಾಡಿದರೆ ಪಾಸ್‌ವರ್ಡ್ ಕೊಡದೆಯೇ ನೇರ ಮಸ್ಕಿಯವರ ಲೆಕ್ಕದೊಳಗೆ ಇಳಿಯುತ್ತಾರೆ. ಮೋಡೆಮ್ ಸೆಟ್ಟಿಂಗನ್ನು ಬರೀ ಅನುಕೂಲದ ಮಾತೆಂದು ತಳ್ಳಿಹಾಕಿದವರಿಗೆ ನಾನು ಹೇಳುತ್ತಿದ್ದುದು ಇದನ್ನೇ.

ಎಲ್ಲರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದ ಕಡೆ ಯಾರದನ್ನು ಕಿಲ್ ಮಾಡುವುದೆಂದೇ ತಿಳಿಯದು. ಹೆಸರಿನ ಈ ಗೊಂದಲಕ್ಕೆ ಮಸ್ಕಿಯ ಬಂಡೆ ಶಾಸನ ನೆನಪಾಗುತ್ತದೆ. ಅದುವರೆಗೆ ಸಿಕ್ಕ ಬೇರೆಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಅದು ಯಾವ ರಾಜನೆಂಬ ಚರ್ಚೆಗೆ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಶಾಸನ ಅಶೋಕ ಎಂಬ ಹೆಸರು ಹೇಳಿ ಉತ್ತರ ಕೊಟ್ಟಿತು. ಆ ಊರಿನ ಗುಮಾಸ್ತನಿಗೂ ಅವನದೇ ಹೆಸರಿನ ಲಾಗಿನ್ ಇರಲಿ ಎಂದು ನಾನು ಹಟ ಹಿಡಿದೆ, ಮಾಡಿಯೂ ಕೊಟ್ಟೆ.

ಈಗ ಮೋಡೆಮ್ಮಿನ ಕಿರುಚಾಟವಿಲ್ಲ, ಮೊಬೈಲ್ ಟವರಿನ ಮೇಲೆ ಎಸ್‌ಎಸ್‌ಎಚ್. ರೋಗ ಮಾತ್ರ ಅದೇ. ಸಿಗ್ನಲ್ ಹೋದರೆ ಸರ್ವರಿಗೆ ಹೇಳುವವರಿಲ್ಲ. ಲಿನಕ್ಸಿನಲ್ಲಿ ಟಿಸಿಪಿಯ ಕೀಪ್‌ಅಲೈವ್ ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡು, ಅಂದರೆ ಎರಡು ತಾಸು ಕಳೆದ ಮೇಲೆ. ನಿಮ್ಮ ಕೈಯಲ್ಲಿ ಸರ್ವರ್ ಇದ್ದರೆ ಎಸ್‌ಎಸ್‌ಎಚ್ ಸೆಟ್ಟಿಂಗಿನಲ್ಲಿ ಕ್ಲೈಂಟ್ ಅಲೈವ್ ಇಂಟರ್ವಲ್ಲಿಗೆ 60 ಎಂದು ಇವತ್ತೇ ಬರೆದುಬಿಡಿ.