ಗೋಲು ಕಾಯ್ದವಳು

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬುದು ನಮ್ಮಲ್ಲಿ ಹಳೆಯ ಮಾತು. ಅಳುವ ಕಿರಿಯರನ್ನು ಸಮಾಧಾನಪಡಿಸುವುದಕ್ಕಾಗಿ ಹಿರಿಯ ಹುಡುಗರು ಅವರನ್ನೂ ಆಟಕ್ಕೆ ಸೇರಿಸಿಕೊಳ್ಳುತ್ತಾರೆ; ಆದರೆ ಅವರ ಸೋಲುಗೆಲುವುಗಳನ್ನು ಯಾರೂ ಎಣಿಸುವುದಿಲ್ಲ. ಕಾಲ್ಚೆಂಡಾಟದಲ್ಲಿ ಗೋಲು ಕಾಯುವವರ ಪಾಡು ಬಹುಮಟ್ಟಿಗೆ ಇಂಥದೇ. ಹತ್ತು ಮಂದಿ ಮೈದಾನದ ತುಂಬ ಓಡಾಡುತ್ತಿರುವಾಗ ಹನ್ನೊಂದನೆಯವರು ಎರಡು ಕಂಬಗಳ ನಡುವೆ ಒಂಟಿಯಾಗಿ ನಿಂತಿರುತ್ತಾರೆ. ಆ ಕಂಬಗಳ ನಡುವಣ ಅಗಲ 7.32 ಮೀಟರು, ಎತ್ತರ 2.44 ಮೀಟರು. ಇಷ್ಟು ದೊಡ್ಡ ಬಾಗಿಲಿಗೆ ಕದವೆಂದರೆ ಒಂದು ಮನುಷ್ಯ ದೇಹ ಮಾತ್ರ! ಹತ್ತು ಚೆಂಡುಗಳನ್ನು ತಡೆದರೆ ಅದು ಅವರ ಕರ್ತವ್ಯವೆಂದು ಜನ ಸುಮ್ಮನಿರುತ್ತಾರೆ. ಹನ್ನೊಂದನೆಯದು ಒಳಹೊಕ್ಕಿತೋ, ಎಲ್ಲರ ಕಣ್ಣೂ ಅವರ ಮೇಲೆಯೇ.

ಈ ವಿಷಯದಲ್ಲಿ ನನಗೆ ಸ್ವಲ್ಪ ಸ್ವಾನುಭವವುಂಟು. ನಾನೂ ಈ ಮಹಾನಗರದ ಕನ್ನಡ ಶಾಲೆಯೊಂದರಲ್ಲಿ ಓದಿದವನು. ನಮ್ಮ ಶಾಲೆಗೆ ಸ್ವಂತ ಮೈದಾನವಿರಲಿಲ್ಲ. ಚಾಳಿನ ಹಿಂದಣ ಬಯಲಿನಲ್ಲಿ ಎರಡು ಪುಸ್ತಕದ ಚೀಲಗಳನ್ನಿಟ್ಟರೆ ಅವೇ ಗೋಲಿನ ಕಂಬಗಳು. ವೇಗವಾಗಿ ಓಡಲಾರದವನೆಂದು ಗೆಳೆಯರು ನನ್ನನ್ನು ಆ ಚೀಲಗಳ ನಡುವೆ ನಿಲ್ಲಿಸಿದರು. ಐದು ವರ್ಷ ಅಲ್ಲಿಯೇ ನಿಂತೆ. ಅಂದಿನಿಂದ ಯಾವ ಪಂದ್ಯವನ್ನು ನೋಡಿದರೂ ನನ್ನ ದೃಷ್ಟಿ ಮೊದಲು ಹೋಗುವುದು ಗೋಲಿನ ಕಡೆಗೇ. ಈಗ ನಾನು ಅಧ್ಯಾಪಕ. ಕಳೆದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು, “ಸರ್, ನನ್ನನ್ನೇ ಯಾಕೆ ಯಾವಾಗಲೂ ಗೋಲಿನಲ್ಲಿ ನಿಲ್ಲಿಸುತ್ತಾರೆ? ಅಲ್ಲಿ ನಿಂತವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?” ಎಂದು ಕೇಳಿದಳು. ಆಕೆಗೆ ನಾನು ಹೇಳಿದ ಕಥೆಯನ್ನೇ ಈ ಸಂಚಿಕೆಯ ಓದುಗರಾದ ನಿಮಗೂ ಹೇಳುತ್ತಿದ್ದೇನೆ. ಅದು ಬ್ರಿಯಾನಾ ಸ್ಕರಿ ಎಂಬ ಅಮೆರಿಕೆಯ ಹೆಣ್ಣುಮಗಳ ಕಥೆ.

ಸ್ಕರಿ ಹುಟ್ಟಿದ್ದು 1971ರ ಸೆಪ್ಟೆಂಬರ್ 7ರಂದು, ಮಿನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ. ಬೆಳೆದದ್ದು ಸಮೀಪದ ಡೇಟನ್ ಎಂಬ ಸಣ್ಣ ಊರಿನಲ್ಲಿ. ದೊಡ್ಡ ಸಂಸಾರದ ಕೊನೆಯ ಮಗಳು. ಕಪ್ಪು ವರ್ಣೀಯರ ಮನೆಗಳು ಆ ಪ್ರದೇಶದಲ್ಲಿ ವಿರಳ. ತನ್ನಂಥವರು ಕಡಿಮೆಯಿರುವ ನೆರೆಹೊರೆಯಲ್ಲಿ ಬೆಳೆಯುವುದೆಂದರೇನೆಂಬುದು, ಮನೆಯಲ್ಲಿ ಒಂದು ನುಡಿಯನ್ನೂ ಬೀದಿಯಲ್ಲಿ ಮತ್ತೊಂದು ನುಡಿಯನ್ನೂ ಆಡಿ ಬೆಳೆಯುತ್ತಿರುವ ನಿಮಗೆ ತಕ್ಕಮಟ್ಟಿಗೆ ತಿಳಿದೀತು. 1980ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಮೆರಿಕೆಯ ಎಳೆಯ ಹುಡುಗರ ಐಸ್ ಹಾಕಿ ತಂಡವು ಬಲಿಷ್ಠವಾದ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿತು. ಎಂಟು ವರ್ಷದ ಬ್ರಿಯಾನಾ ಅದನ್ನು ಟೆಲಿವಿಷನ್ನಿನಲ್ಲಿ ನೋಡಿ, ತಾನೂ ಒಂದು ದಿನ ಒಲಿಂಪಿಕ್ಸಿಗೆ ಹೋಗಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಳು.

ಆಕೆ ಮೊದಲು ಸೇರಿದ್ದು ಹುಡುಗರ ತಂಡವನ್ನು. ಆ ತಂಡದಲ್ಲಿ ಹುಡುಗಿ ಆಕೆಯೊಬ್ಬಳೇ. ಹೆಣ್ಣುಮಗುವಿಗೆ ಪೆಟ್ಟಾಗಬಾರದೆಂದು ತರಬೇತುದಾರರು ಆಕೆಯನ್ನು ಗೋಲಿನಲ್ಲಿ ನಿಲ್ಲಿಸಿದರು. ಮೈದಾನದಲ್ಲಿ ಅದೇ ಸುರಕ್ಷಿತವಾದ ಜಾಗವೆಂದು ಅವರ ಎಣಿಕೆ. ಈ ಸಂಗತಿಯನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯ ಕಹಿಯೂ ಸಿಹಿಯೂ ಇದರೊಳಗೇ ಇದೆ.

ಆ ಕಾಲದಲ್ಲಿ ಹೆಂಗಸರ ಕಾಲ್ಚೆಂಡಾಟ ಇನ್ನೂ ಅಂಬೆಗಾಲಿಡುತ್ತಿತ್ತು. ವಿದ್ಯಾಭ್ಯಾಸದಲ್ಲಿ ಹೆಣ್ಣುಗಂಡೆಂಬ ಭೇದವೆಣಿಸುವ ಸಂಸ್ಥೆಗಳಿಗೆ ಸರಕಾರದ ಹಣವಿಲ್ಲವೆಂದು ಸಾರಿದ ಕಾನೂನು ಅಮೆರಿಕೆಯಲ್ಲಿ ಬಂದದ್ದು 1972ರಲ್ಲಿ. ಅದರಿಂದಾಗಿ ಶಾಲೆ ಕಾಲೇಜುಗಳ ಮೈದಾನಗಳ ಬಾಗಿಲು ಹುಡುಗಿಯರಿಗೂ ತೆರೆಯಿತು. ದೇಶದ ಮಹಿಳಾ ತಂಡವು ತನ್ನ ಮೊದಲ ಪಂದ್ಯವನ್ನಾಡಿದ್ದು 1985ರಲ್ಲಿ. 1991ರಲ್ಲಿ ಚೀನದಲ್ಲಿ ನಡೆದ ಮೊಟ್ಟಮೊದಲ ಮಹಿಳಾ ವಿಶ್ವಕಪ್ಪನ್ನು ಅದೇ ತಂಡ ಗೆದ್ದಿತು. ಅಂದು ಗೋಲು ಕಾಯ್ದವಳು ಮೇರಿ ಹಾರ್ವಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡದಲ್ಲಿ ಹೆಸರು ಗಳಿಸಿದ ಸ್ಕರಿ 1994ರಲ್ಲಿ ರಾಷ್ಟ್ರೀಯ ತಂಡವನ್ನು ಸೇರಿದಳು.

1995ರಲ್ಲಿ ಸ್ವೀಡನ್ನಿನಲ್ಲಿ ಎರಡನೆಯ ವಿಶ್ವಕಪ್ ನಡೆಯಿತು. ಡೆನ್ಮಾರ್ಕಿನೊಡನೆ ನಡೆದ ಪಂದ್ಯ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸ್ಕರಿ ಚೆಂಡನ್ನು ಎಸೆಯುವಾಗ ಅವಳ ಕೈ ಗೋಲಿನ ಆವರಣದ ಗೆರೆಯನ್ನು ದಾಟಿತೆಂದು ತೀರ್ಪುಗಾರರು ಕೆಂಪು ಚೀಟಿ ತೋರಿಸಿ ಅವಳನ್ನು ಹೊರಗೆ ಕಳುಹಿಸಿದರು. ಬದಲಿ ಆಟಗಾರ್ತಿಯರನ್ನು ಇಳಿಸುವ ಅವಕಾಶವೆಲ್ಲ ಮುಗಿದಿತ್ತು. ಗೋಲು ಹೊಡೆಯುವುದರಲ್ಲಿ ಪ್ರಸಿದ್ಧಳಾದ ಮಿಯಾ ಹ್ಯಾಮ್ ಕೈಗವಸು ತೊಟ್ಟು ಗೋಲಿನಲ್ಲಿ ನಿಲ್ಲಬೇಕಾಯಿತು. ಅಮೆರಿಕ 2–0ರಿಂದ ಗೆದ್ದಿತೆನ್ನಿ. ಆದರೆ ಗೋಲು ಕಾಯುವ ಜಾಗ ಬರಿದಾದಾಗಲೇ ಆ ಜಾಗದ ಬೆಲೆ ಎಲ್ಲರಿಗೂ ತಿಳಿಯುವುದಲ್ಲವೆ? ಆ ವರ್ಷ ಉಪಾಂತ್ಯದಲ್ಲಿ ನಾರ್ವೆಗೆ ಸೋತ ತಂಡ ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು.

ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಹೆಂಗಸರ ಕಾಲ್ಚೆಂಡಾಟಕ್ಕೆ ಪ್ರಥಮ ಬಾರಿಗೆ ಪ್ರವೇಶ ದೊರೆಯಿತು. 1996ರ ಆಗಸ್ಟ್ 1ರಂದು ನಡೆದ ಅಂತಿಮ ಪಂದ್ಯವನ್ನು ನೋಡಲು 76,481 ಜನ ಸೇರಿದ್ದರು. ಚೀನವನ್ನು 2–1ರಿಂದ ಗೆದ್ದ ತಂಡದ ಕೊರಳಿಗೆ ಚಿನ್ನದ ಪದಕ ಬಿತ್ತು. ಎಂಟು ವರ್ಷದ ಹುಡುಗಿಯ ಸಂಕಲ್ಪ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕೈಗೂಡಿತು.

ಆದರೆ ಸ್ಕರಿಯ ಹೆಸರು ಉಳಿದಿರುವುದು 1999ರ ಜುಲೈ 10ರ ಒಂದು ಗಳಿಗೆಯಿಂದ. ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಅಂದು ವಿಶ್ವಕಪ್ಪಿನ ಅಂತಿಮ ಪಂದ್ಯ. ಎದುರಿಗೆ ಮತ್ತೆ ಚೀನ. ಪ್ರೇಕ್ಷಕರು 90,185. ಹೆಚ್ಚಿನ ಅವಧಿಯೂ ಸೇರಿ ನೂರಿಪ್ಪತ್ತು ನಿಮಿಷ ಆಡಿದರೂ ಒಂದು ಗೋಲೂ ಆಗಲಿಲ್ಲ. ಒಮ್ಮೆ ಚೆಂಡು ಸ್ಕರಿಯನ್ನೂ ದಾಟಿ ಹೋಗಿತ್ತು. ಗೆರೆಯ ಬಳಿ ನಿಂತಿದ್ದ ಕ್ರಿಸ್ಟೀನ್ ಲಿಲಿ ಅದನ್ನು ತಲೆಯಿಂದ ಹೊರಗೆ ತಳ್ಳಿದಳು. ಕಾಯುವವರನ್ನೂ ಕಾಯುವವರು ಬೇಕೆಂಬುದನ್ನು ಆ ಕ್ಷಣ ತೋರಿಸಿಕೊಟ್ಟಿತು.

ಕೊನೆಗೆ ಪೆನಾಲ್ಟಿ ಒದೆತಗಳಿಂದ ಗೆಲುವು ನಿರ್ಧಾರವಾಗಬೇಕಾಯಿತು. ಹನ್ನೊಂದು ಮೀಟರು ದೂರದಿಂದ ಒದ್ದ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಬಲೆಯನ್ನು ಸೇರುತ್ತದೆ. ಒದೆಯುವವರಿಗೆ ಗೋಲಾಗುವುದೇ ಸಹಜ. ಕಾಯುವವರಿಗೆ ತಡೆದರೆ ಅದೃಷ್ಟ. ಮೊದಲ ಎರಡು ಸುತ್ತುಗಳಲ್ಲಿ ಇಬ್ಬರ ಕಡೆಯವರೂ ಗೋಲು ಹೊಡೆದರು. ಚೀನದ ಮೂರನೆಯ ಸರದಿ ಲಿಯು ಯಿಂಗಳದು. ಒದೆಯುವವರು ನಡೆದು ಬರುವಾಗ ಅವರ ಮುಖ ನೋಡದಿರುವುದು ಸ್ಕರಿಯ ಪದ್ಧತಿ. ಅಂದು ಮಾತ್ರ ಏಕೋ ಕಣ್ಣೆತ್ತಿ ನೋಡಿದಳಂತೆ. ಇವಳ ಚೆಂಡನ್ನೇ ನಾನು ತಡೆಯುವೆನೆಂದು ಒಳಮನಸ್ಸು ನುಡಿಯಿತಂತೆ. ಎಡಕ್ಕೆ ಹಾರಿ ಚೆಂಡನ್ನು ಹೊರಗೆ ತಳ್ಳಿಯೇ ಬಿಟ್ಟಳು! ಒದೆತಕ್ಕೆ ಮುನ್ನವೇ ಗೆರೆ ಬಿಟ್ಟು ಮುಂದೆ ಬಂದಿದ್ದಳೆಂದು ಟೀಕಿಸಿದವರಿದ್ದಾರೆ. ಆಕೆ ಮುಂದೆ ಬಂದದ್ದು ನಿಜ. ತೀರ್ಪುಗಾರರು ಅದನ್ನು ತಪ್ಪೆಂದು ಎಣಿಸಲಿಲ್ಲ. ಉಳಿದವರೆಲ್ಲ ಗೋಲು ಹೊಡೆದರು. ಅಮೆರಿಕೆಯ ಐದನೆಯವಳಾದ ಬ್ರ್ಯಾಂಡಿ ಚಾಸ್ಟೆನ್ ಎಡಗಾಲಿನಿಂದ ಒದ್ದ ಚೆಂಡು ಬಲೆಯನ್ನು ಸೇರಿದಾಗ 5–4ರಿಂದ ವಿಶ್ವಕಪ್ ಅಮೆರಿಕೆಯದಾಯಿತು.

ಮರುದಿನದ ಪತ್ರಿಕೆಗಳಲ್ಲಿ, ಬಳಿಕ ವಾರಪತ್ರಿಕೆಗಳ ಮುಖಪುಟಗಳಲ್ಲಿ ರಾರಾಜಿಸಿದ್ದು ಚಾಸ್ಟೆನ್ನಳ ಹರ್ಷದ ಚಿತ್ರ. ಅದು ಸಹಜವೇ. ಆದರೆ ಸ್ಕರಿ ಆ ಒಂದು ಚೆಂಡನ್ನು ತಡೆಯದಿದ್ದರೆ ಆ ಚಿತ್ರ ಎಲ್ಲಿರುತ್ತಿತ್ತು?

ಏರಿದವರು ಇಳಿಯಲೂ ಬೇಕು. 2000ದಲ್ಲಿ ಗಾಯ ಮತ್ತು ಅಭ್ಯಾಸದ ಕೊರತೆಯಿಂದ ಆಕೆ ತನ್ನ ಸ್ಥಾನವನ್ನು ಸಿರಿ ಮಲ್ಲಿನಿಕ್ಸಳಿಗೆ ಬಿಟ್ಟುಕೊಟ್ಟು ಸಿಡ್ನಿಯಲ್ಲಿ ಹೊರಗೆ ಕುಳಿತಳು. ಎದೆಗುಂದದೆ ಮತ್ತೆ ದೇಹವನ್ನು ಪಳಗಿಸಿ ಸ್ಥಾನ ಪಡೆದಳು. 2004ರಲ್ಲಿ ಅಥೆನ್ಸಿನಲ್ಲಿ ಬ್ರೆಜಿಲನ್ನು 2–1ರಿಂದ ಮಣಿಸಿ ಎರಡನೆಯ ಚಿನ್ನ ಗಳಿಸಿದಳು. 2007ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಅದುವರೆಗೆ ಆಡುತ್ತಿದ್ದ ಹೋಪ್ ಸೋಲೊಳನ್ನು ಬಿಟ್ಟು ತರಬೇತುದಾರರು ಸ್ಕರಿಯನ್ನು ಇಳಿಸಿದರು. ಅಂದು ಬ್ರೆಜಿಲ್ 4–0ರಿಂದ ಗೆದ್ದಿತು. ದೇಶಕ್ಕಾಗಿ ಆಕೆ ಆಡಿದ ಪಂದ್ಯಗಳು ಒಟ್ಟು 173. ಅವುಗಳಲ್ಲಿ 71ರಲ್ಲಿ ಒಂದು ಗೋಲೂ ಒಳಹೊಗಲು ಬಿಡಲಿಲ್ಲ.

ಇನ್ನು ಕಥೆಯ ಕಹಿ ಭಾಗ. 2010ರ ಏಪ್ರಿಲ್ 25ರಂದು ವಾಷಿಂಗ್‌ಟನ್ ಫ್ರೀಡಂ ತಂಡದ ಪರವಾಗಿ ಆಡುತ್ತಿದ್ದಾಗ, ತಗ್ಗಿನಲ್ಲಿ ಬಂದ ಚೆಂಡನ್ನು ಹಿಡಿಯಲು ಬಾಗಿದ ಸ್ಕರಿಯ ತಲೆಗೆ ಎದುರಾಳಿಯೊಬ್ಬಳ ಮೊಣಕಾಲು ಬಡಿಯಿತು. ಅರ್ಧ ವಿರಾಮದವರೆಗೆ ಹೇಗೋ ನಿಂತಳು; ಮತ್ತೆಂದೂ ಆಡಲಿಲ್ಲ. ಸುರಕ್ಷಿತವೆಂದು ಹಿರಿಯರು ತೋರಿಸಿದ್ದ ಜಾಗದಲ್ಲೇ ಬಲವಾದ ಪೆಟ್ಟು ಬಿತ್ತು. ಕೈ ಮುರಿದಿದ್ದರೆ ಕಟ್ಟು ಕಾಣಿಸುತ್ತಿತ್ತು, ಜನ ಮರುಗುತ್ತಿದ್ದರು. ತಲೆಯೊಳಗಿನ ಗಾಯ ಯಾರಿಗೂ ಕಾಣದು. ಬಿಡದ ತಲೆನೋವು, ಮರೆವು, ಖಿನ್ನತೆ ಅವಳನ್ನು ಮುತ್ತಿದವು. ಕೆಲಸ ಮಾಡುವ ಶಕ್ತಿ ಉಡುಗಿತು, ಕೈಯಲ್ಲಿ ಕಾಸಿಲ್ಲದಾಯಿತು. ಕೊನೆಗೆ ಎರಡು ಚಿನ್ನದ ಪದಕಗಳನ್ನೂ ಗಿರವಿ ಇಡಬೇಕಾಯಿತು. ಜೀವವೇ ಬೇಡವೆನ್ನಿಸಿದ ದಿನವೂ ಬಂತು. ತಾಯಿಯ ನೆನಪು ಅವಳನ್ನು ಹಿಂದಕ್ಕೆ ಕರೆಯಿತೆಂದು ಆಕೆಯೇ ಹೇಳಿಕೊಂಡಿದ್ದಾಳೆ.

ಅಲ್ಲಿಂದ ಆಕೆ ಎದ್ದದ್ದು ಒಬ್ಬಂಟಿಯಾಗಿ ಅಲ್ಲ. ಸ್ನೇಹಿತರ ಬೆಂಬಲ ದೊರೆಯಿತು, ತಕ್ಕ ವೈದ್ಯರು ಸಿಕ್ಕಿದರು. 2013ರಲ್ಲಿ ತಲೆಯ ಹಿಂಭಾಗದ ನರಕ್ಕೆ ಶಸ್ತ್ರಚಿಕಿತ್ಸೆ ನಡೆದ ಮೇಲೆ ನೋವು ಇಳಿಯಿತು. ಗಿರವಿ ಹೋದ ಪದಕಗಳೂ ಮರಳಿದವು. ರೋಸ್ ಬೌಲಿನಲ್ಲಿ ಲಿಲಿ ಗೆರೆಯ ಬಳಿ ನಿಂತಿದ್ದಂತೆ, ಇಲ್ಲಿಯೂ ಕಾಯುವವಳನ್ನು ಕಾಯಲು ಜನವಿತ್ತು. ಮರುವರ್ಷ ಆಕೆ ಅಮೆರಿಕೆಯ ಶಾಸನಸಭೆಯ ಸಮಿತಿಯ ಮುಂದೆ ನಿಂತು ಮಿದುಳಿನ ಪೆಟ್ಟಿನ ಬಗೆಗೆ ಸಾಕ್ಷ್ಯ ನುಡಿದಳು. 2017ರಲ್ಲಿ ಅಮೆರಿಕೆಯ ರಾಷ್ಟ್ರೀಯ ಕಾಲ್ಚೆಂಡು ಕೀರ್ತಿಮಂದಿರಕ್ಕೆ ಆಯ್ಕೆಯಾದಳು. ಆ ಗೌರವ ಪಡೆದ ಪ್ರಥಮ ಕಪ್ಪು ವರ್ಣೀಯ ಮಹಿಳೆ ಆಕೆ. ಪ್ರಥಮ ಮಹಿಳಾ ಗೋಲ್‌ಕೀಪರಳೂ ಆಕೆಯೇ. 2022ರಲ್ಲಿ ಬಂದ ಆಕೆಯ ಆತ್ಮಕಥೆಗೆ ‘ಮೈ ಗ್ರೇಟೆಸ್ಟ್ ಸೇವ್’ ಎಂದು ಹೆಸರು. ನನ್ನ ಅತ್ಯಂತ ದೊಡ್ಡ ತಡೆ ಎಂದು ಅದರ ಅರ್ಥ. ಲಿಯು ಯಿಂಗಳ ಚೆಂಡನ್ನು ತಡೆದದ್ದು ದೊಡ್ಡದೇ. ಆದರೆ ತನ್ನ ಬಾಳನ್ನೇ ಕೈಜಾರದಂತೆ ಹಿಡಿದದ್ದು ಅದಕ್ಕಿಂತ ದೊಡ್ಡದೆಂದು ನನ್ನ ಮತ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಲ್ಲರೂ ಗೋಲು ಹೊಡೆಯುವವರಾಗಲಾರರು. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು, ಸಮಾರಂಭದ ದಿನ ಪರದೆಯ ಹಿಂದೆ ನಿಂತು ದುಡಿಯುವವರು, ತಂಡ ಸೋಲದಂತೆ ಹಿಂದೆ ನಿಲ್ಲುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಲೆಕ್ಕಕ್ಕಿಲ್ಲವೆಂದು ಕುಗ್ಗಬೇಡಿ. ಹಾಗೆಯೇ, ಆಟದಲ್ಲಿ ತಲೆಗೆ ಪೆಟ್ಟಾದರೆ ಹೇಡಿಯೆಂದಾರೆಂಬ ಸಂಕೋಚದಿಂದ ಮುಚ್ಚಿಡಬೇಡಿ. ಕೂಡಲೇ ಆಟ ನಿಲ್ಲಿಸಿ ಅಧ್ಯಾಪಕರಿಗೂ ತಾಯಿತಂದೆಯರಿಗೂ ತಿಳಿಸಿ. ಮನಸ್ಸಿಗೆ ಪೆಟ್ಟಾದರೂ ಅಷ್ಟೇ. ಕಾಣದ ಗಾಯಕ್ಕೂ ಮದ್ದುಂಟು. ಆದರೆ ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.