ಪುಟಗಳ ಎಣಿಕೆಯೂ ವಾಕ್‌ಸ್ವಾತಂತ್ರ್ಯವೂ

ಪತ್ರಿಕೆಯ ಬಾಯಿ ಕಟ್ಟುವುದೆಂದರೆ ಸಂಪಾದಕನನ್ನು ಸೆರೆಗೆ ನೂಕುವುದು, ಮುದ್ರಣಾಲಯಕ್ಕೆ ಬೀಗಮುದ್ರೆ ಹಾಕುವುದು, ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದು, ಇಷ್ಟೇ ಎಂದು ಬಹುಮಂದಿ ತಿಳಿದಿರುವರು. ಇವಾವುದನ್ನೂ ಮಾಡದೆ, ಒಂದಕ್ಷರವನ್ನೂ ಅಳಿಸದೆ, ಬರಿಯ ಪುಟಗಳನ್ನೆಣಿಸಿಯೇ ಆ ಕಾರ್ಯವನ್ನು ಸಾಧಿಸಬಹುದೆಂಬುದಕ್ಕೆ ಪುಣೆಯ ‘ಸಕಾಳ’ ಪತ್ರಿಕೆಯ ವ್ಯಾಜ್ಯವು ನಿದರ್ಶನವಾಗಿದೆ.

೧೯೩೨ರಲ್ಲಿ ನಾನಾಸಾಹೇಬ ಪರುಳೇಕರರು ಸ್ಥಾಪಿಸಿದ ಈ ಮರಾಠೀ ದಿನಪತ್ರಿಕೆಗೆ ಮಹಾರಾಷ್ಟ್ರದಲ್ಲಿ ಮಾತ್ರವಲ್ಲದೆ ಕರ್ನಾಟಕದಲ್ಲಿಯೂ ಓದುಗರಿದ್ದರು. ಬೆಲೆ ೭ ನಯಾಪೈಸೆ. ಭಾನುವಾರವನ್ನುಳಿದು ವಾರಕ್ಕೆ ೩೪ ಪುಟಗಳು. ೧೯೫೬ರ ಶಾಸನವೊಂದನ್ನಾಧರಿಸಿ ಕೇಂದ್ರ ಸರ್ಕಾರವು ೧೯೬೦ರಲ್ಲಿ ಹೊರಡಿಸಿದ ಆಜ್ಞೆಯು, ಇಂತಿಷ್ಟು ಬೆಲೆಗೆ ಇಂತಿಷ್ಟೇ ಪುಟಗಳೆಂದು ಕಟ್ಟುಮಾಡಿತು. ಬೆಲೆಯನ್ನು ಏರಿಸದಿದ್ದರೆ ಪುಟಗಳು ೨೪ಕ್ಕೆ ಇಳಿಯಬೇಕು. ಪುಟಗಳನ್ನುಳಿಸಿಕೊಂಡರೆ ಬೆಲೆಯು ೮ಕ್ಕೆ ಏರಬೇಕು. ಒಂದು ಪೈಸೆ ತಾನೆ ಎನ್ನಬಹುದು. ಬಡ ಗೃಹಸ್ಥನು ಪತ್ರಿಕೆಯನ್ನು ಬಿಡುವುದು ಆ ಒಂದು ಪೈಸೆಗಾಗಿಯೇ.

ಸರ್ಕಾರದ ವಾದವು ಕೇಳುವುದಕ್ಕೆ ಹಿತವಾಗಿಯೇ ಇದ್ದಿತು. ದೊಡ್ಡ ಪತ್ರಿಕೆಗಳ ಅನುಚಿತ ಸ್ಪರ್ಧೆಯನ್ನು ತಡೆದು ಸಣ್ಣವುಗಳನ್ನು ಬದುಕಿಸಬೇಕೆಂಬುದು ಅದರ ಸಾರ. ಇಂತಹ ಸಣ್ಣ ಮಾಸಪತ್ರಿಕೆಗೆ ಬರೆಯುವ ನನಗೂ ಆ ಉದ್ದೇಶದಲ್ಲಿ ಮಮತೆಯುಂಟು. ಆದರೆ ಒಬ್ಬನ ಮಾತನ್ನು ಮೊಟಕುಗೊಳಿಸಿದ ಮಾತ್ರಕ್ಕೆ ಇನ್ನೊಬ್ಬನಿಗೆ ಕೇಳುಗರು ದೊರೆಯುವರೆ?

೧೯೬೧ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಮುಧೋಳ್ಕರರು. ಬೆಲೆಯೇರಿದರೆ ಪ್ರಸಾರವು ಕುಗ್ಗುವುದು, ಪುಟವಿಳಿದರೆ ವಿಚಾರವು ಕುಗ್ಗುವುದು. ಎರಡರಲ್ಲಿಯೂ ಪೆಟ್ಟು ಬೀಳುವುದು ವಾಕ್‌ಸ್ವಾತಂತ್ರ್ಯಕ್ಕೇ. ವ್ಯಾಪಾರವನ್ನು ಲೋಕಹಿತಕ್ಕಾಗಿ ಮಿತಗೊಳಿಸಬಹುದು. ಮಾತನ್ನಾದರೋ, ಸಂವಿಧಾನದ ೧೯ನೆಯ ವಿಧಿಯ ಎರಡನೆಯ ಖಂಡದಲ್ಲಿ ಎಣಿಸಿರುವ ರಾಜ್ಯದ ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ ಮೊದಲಾದ ಕಾರಣಗಳಿಂದಲ್ಲದೆ ತಡೆಯಲಾಗದು. ಸ್ಪರ್ಧಾನಿವಾರಣೆಯು ಆ ಎಣಿಕೆಯಲ್ಲಿಲ್ಲ. ಹೇಳಿದುದನ್ನುಳಿದು ಬೇರೆಲ್ಲವನ್ನೂ ಹೊರಗಿಡುವ ಈ ಕ್ರಮಕ್ಕೆ ನಮ್ಮ ಮೀಮಾಂಸಕರು ಪರಿಸಂಖ್ಯೆಯೆಂದು ಹೆಸರಿಟ್ಟಿರುವರು. ಪಾಠಶಾಲೆಯಲ್ಲಿ ಯಜ್ಞಪ್ರಕರಣಗಳಿಗಾಗಿ ಕಲಿತ ನ್ಯಾಯವನ್ನು ರಾಜ್ಯಾಂಗದಲ್ಲಿ ಕಂಡು ನನಗೆ ಸಂತೋಷವಾಯಿತು. ಶಾಸನದ ಮುಖ್ಯ ವಿಧಿಯೂ ಆಜ್ಞೆಯೂ ಅಸಿಂಧುವಾದುವು.

೧೯೭೨ರಲ್ಲಿ ಕಾಗದದ ಅಭಾವವನ್ನು ಮುಂದೊಡ್ಡಿ ಹತ್ತು ಪುಟಗಳ ಮಿತಿಯನ್ನು ವಿಧಿಸಿದಾಗಲೂ ಅದೇ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಬೇರೊಂದು ಸಂಗತಿ. ‘ಸಕಾಳ’ದ ಅರ್ಜಿಯ ಜೊತೆಗೆ ಇಬ್ಬರು ವಾಚಕರೂ ತಮ್ಮ ತಮ್ಮ ಅರ್ಜಿಗಳನ್ನು ಸಲ್ಲಿಸಿದ್ದರು. ಅವರು ಪತ್ರಿಕೆಯ ಒಡೆಯರಲ್ಲ, ಬರೆಹಗಾರರೂ ಅಲ್ಲ. ಮುಂಜಾನೆ ಅದನ್ನು ಕೊಂಡು ಓದುತ್ತಿದ್ದವರು.