ಪುಕ್ಕಟೆ ಕ್ಲೌಡು, ಪಂಚಾಯ್ತಿ ಪುಸ್ತಕ

ಸರ್ಕಾರಿ ಸಾಫ್ಟ್‌ವೇರ್ ಅಂದ್ರೆ ಟೆಂಡರ್, ದೊಡ್ಡ ಕಂಪನಿ, ಕೋಟಿಗಟ್ಟಲೆ ದುಡ್ಡು ಅಂತಲೇ ನಾವು ನಾಲ್ವರೂ ಅಂದುಕೊಂಡಿದ್ದೆವು. ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ಅಂತ ಕಾಲೇಜಿನ ಹತ್ತಿರದ ಒಂದು ಗ್ರಾಮ ಪಂಚಾಯ್ತಿಗೆ ಹೋದಾಗ ಗೊತ್ತಾಯ್ತು, ಅವರಿಗೆ ಬೇಕಿದ್ದದ್ದು ನೀರಿನ ದೂರುಗಳ ಒಂದು ಪಟ್ಟಿ ಅಷ್ಟೇ. ಯಾವ ಬೀದಿಗೆ ನೀರು ಬಂದಿಲ್ಲ, ಯಾವ ಬೋರಿನ ಮೋಟರ್ ಸುಟ್ಟಿದೆ, ನೀರುಗಂಟಿಗೆ ಹೇಳಿದ್ದು ಯಾವತ್ತು, ಸರಿಹೋಗಿದ್ದು ಯಾವತ್ತು. ಎಲ್ಲವೂ ಒಂದು ಉದ್ದದ ಪುಸ್ತಕದಲ್ಲಿ ಇತ್ತು. ಆದರೆ ಹೋದ ತಿಂಗಳ ದೂರು ಬೇಕಂದ್ರೆ ಹಾಳೆ ತಿರುವುತ್ತಾ ಕೂರಬೇಕು.

ಸರ್ವರ್ ಬಾಡಿಗೆಗೆ ತಗೊಳ್ಳೋಕೆ ನಮ್ಮ ಹತ್ತಿರ ದುಡ್ಡಿಲ್ಲ, ಅವರ ಬಜೆಟ್‌ನಲ್ಲಿ ಅದಕ್ಕೆ ಜಾಗವೂ ಇಲ್ಲ. ಹಾಗಾಗಿ ದೂರು ಬರೆದುಕೊಳ್ಳೋಕೆ ಗೂಗಲ್ ಫಾರ್ಮ್, ಅದು ಬಂದು ಸೇರೋಕೆ ಶೀಟ್, ಹೊಸ ದೂರು ಬಂದ ಕೂಡಲೇ ಕಚೇರಿಗೆ ಮೇಲ್ ಕಳಿಸೋಕೆ ಆ್ಯಪ್ಸ್ ಸ್ಕ್ರಿಪ್ಟ್ ಅಂತ ತೀರ್ಮಾನಿಸಿದೆವು. ಖರ್ಚು ಸೊನ್ನೆ.

ಪುಕ್ಕಟೆಗೂ ಮಿತಿ ಇರುತ್ತೆ. ಒಂದು ಶೀಟಿಗೆ 1 ಕೋಟಿ ಸೆಲ್. ದಿನಕ್ಕೆ ಹತ್ತು ದೂರು, ದೂರಿಗೆ ಹತ್ತು ಕಾಲಂ ಅಂದ್ರೂ ವರ್ಷಕ್ಕೆ 36,500 ಸೆಲ್ ಆಗುತ್ತೆ, ಅದರ ಚಿಂತೆ ಇಲ್ಲ. ಆದರೆ ಉಚಿತ ಖಾತೆಯ ಸ್ಕ್ರಿಪ್ಟ್ ದಿನಕ್ಕೆ 100 ಜನಕ್ಕಷ್ಟೇ ಮೇಲ್ ಕಳಿಸುತ್ತೆ, ಒಂದು ಸಲಕ್ಕೆ 6 ನಿಮಿಷಕ್ಕಿಂತ ಹೆಚ್ಚು ಓಡಲ್ಲ. ಒಂದು ಪಂಚಾಯ್ತಿಗೆ ಇದು ಧಾರಾಳ. ಇಡೀ ಜಿಲ್ಲೆಗೆ ಅಂದ್ರೆ ಸಾಲದು. ಅಷ್ಟು ದೊಡ್ಡ ಕೆಲಸಕ್ಕೆ 2014ರಲ್ಲಿ ಎನ್‌ಐಸಿ ಶುರುಮಾಡಿದ ಮೇಘರಾಜ್‌ನಂಥ ಸರ್ಕಾರಿ ಕ್ಲೌಡೇ ಸರಿ.

ಕೋಡ್‌ಗಿಂತ ಹೆಚ್ಚು ಹೊತ್ತು ಹಿಡಿದದ್ದು ಕನ್ನಡ. ನಲ್ಲಿ ಸಂಪರ್ಕದ ಹಳೇ ಪಟ್ಟಿ ನುಡಿಯ ಹಳೇ ಫಾಂಟ್‌ನಲ್ಲಿತ್ತು. ಶೀಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಅದನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿ, ಬೀದಿ ಹೆಸರುಗಳನ್ನು ಪಟ್ಟಿಯಿಂದಲೇ ಆರಿಸುವ ಹಾಗೆ ಮಾಡಿದೆವು. ಇಲ್ಲಾಂದ್ರೆ ಒಂದೇ ಊರು 'ಹೊಸಹಳ್ಳಿ', 'ಹೊಸಳ್ಳಿ' ಅಂತ ಎರಡಾಗಿ ಎಣಿಕೆಗೆ ಬರುತ್ತೆ.

ಖಾತೆ ತೆರೆಯೋ ಹೊತ್ತಿಗೆ ಪಿಡಿಒ ಮೇಡಂ ಒಂದು ಪ್ರಶ್ನೆ ಕೇಳಿದರು: "ಅಲ್ರಪ್ಪಾ, ಮುಂದಿನ ವರ್ಷ ನೀವೆಲ್ಲ ಪಾಸಾಗಿ ಬೆಂಗಳೂರಿಗೆ ಹೋಗ್ತೀರಿ. ಆಮೇಲೆ ಇದು ಕೆಟ್ರೆ ನಾನು ಯಾರಿಗೆ ಫೋನ್ ಮಾಡ್ಲಿ?"

ಯಾವ ವೈವಾದಲ್ಲೂ ನಮಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಆ್ಯಪ್ಸ್ ಸ್ಕ್ರಿಪ್ಟ್‌ನ ಟ್ರಿಗರ್ ಯಾರು ಮಾಡಿದರೋ ಅವರ ಖಾತೆಯ ಹೆಸರಲ್ಲೇ ಓಡುತ್ತೆ. ಆ ಖಾತೆ ಮುಚ್ಚಿದರೆ ಅದೂ ನಿಂತಿತು. ನಮ್ಮಲ್ಲೊಬ್ಬನಿಗೆ ರೆಸ್ಯೂಮೆಗೆ ತೋರಿಸೋಕೆ ಪ್ರಾಜೆಕ್ಟ್ ತನ್ನ ಖಾತೆಯಲ್ಲೇ ಇರಲಿ ಅಂತ ಆಸೆ. ಅದರ ಮೇಲೆ ಒಂದು ಸಂಜೆ ಪೂರ್ತಿ ಜಗಳ ಆಯ್ತು. ಕೊನೆಗೆ ಒಪ್ಪಿದ್ದು ಹೀಗೆ: ಅಸಲಿ ಪಟ್ಟಿ ಪಂಚಾಯ್ತಿಯ ಖಾತೆಯಲ್ಲಿ, ರಿಕವರಿ ನಂಬರ್ ಕಚೇರಿಯದು. ನಮ್ಮ ಡೆಮೊಗೆ ಸುಳ್ಳು ಹೆಸರು, ಸುಳ್ಳು ನಂಬರ್‌ಗಳ ಬೇರೆ ಶೀಟ್.

ಯಾಕಂದ್ರೆ ಆ ಪಟ್ಟಿಯಲ್ಲಿರೋದು ಜನರ ಹೆಸರು, ಮನೆ, ಫೋನ್ ನಂಬರ್. 'ಲಿಂಕ್ ಇರುವ ಯಾರಾದರೂ' ಅನ್ನೋ ಒಂದು ಆಯ್ಕೆ ಒತ್ತಿದರೆ ಸಾಕು, ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ಹಾಗಾಗಿ ಶೀಟ್ ತೆರೆಯೋ ಅನುಮತಿ ಮೇಡಂ ಮತ್ತು ಕಂಪ್ಯೂಟರ್ ಆಪರೇಟರ್‌ಗೆ ಮಾತ್ರ. ಆಧಾರ್ ಕಾಲಂ ಹಾಕಲೇ ಇಲ್ಲ. ನಲ್ಲಿಯಲ್ಲಿ ನೀರು ಬರ್ತಿಲ್ಲ ಅನ್ನೋಕೆ ಆಧಾರ್ ಯಾಕ್ರೀ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಸುಮಾರಾಗಿ ಇದೇ: ಯಾವ ಕೆಲಸಕ್ಕೆ ಕೇಳಿದಿರೋ ಅದಕ್ಕೆ ಬೇಕಾದಷ್ಟೇ ಮಾಹಿತಿ ತಗೊಳ್ಳಿ.

ಕೊನೆಯ ಎರಡು ಭೇಟಿ ಪೂರ್ತಿ ಆಪರೇಟರ್ ಅಕ್ಕನ ಜೊತೆ ಕೂತೆವು. ಹೊಸ ಬೀದಿ ಸೇರಿಸೋದು, ತಿಂಗಳಿಗೊಮ್ಮೆ ಪ್ರಿಂಟ್ ತೆಗೆದು ಫೈಲ್ ಮಾಡೋದು, ಮೇಲ್ ನಿಂತರೆ ಎಲ್ಲಿ ನೋಡೋದು, ಎಲ್ಲ ಕನ್ನಡದಲ್ಲಿ ಎರಡು ಪುಟ ಬರೆದು ಕೊಟ್ಟೆವು. ನಮ್ಮ ಕೋಡ್‌ಗಿಂತ ಅವರಿಗೆ ಆ ಎರಡು ಪುಟವೇ ಹೆಚ್ಚು ಇಷ್ಟವಾಯ್ತು.

ಜೂನಿಯರ್‌ಗಳೇ, ಇಂಥ ಕೆಲಸ ನಿಮ್ಮೂರಿನ ಪಂಚಾಯ್ತಿಯಲ್ಲೂ ಸಿಗುತ್ತೆ, ದುಡ್ಡಿಲ್ಲ ಅಂತ ಬಿಡಬೇಡಿ. ಆದರೆ ಮೊದಲ ಫಾರ್ಮ್ ಮಾಡೋಕೂ ಮುಂಚೆ ಖಾತೆ ಯಾರದು ಅಂತ ಕೇಳಿ. ನಾವು ಹೊರಡೋ ದಿನ ಅಕ್ಕ ನಮ್ಮೆದುರೇ ಪಾಸ್‌ವರ್ಡ್ ಬದಲಾಯಿಸಿದರು. ಆವತ್ತಿನಿಂದ ಆ ಶೀಟ್ ನಮಗೂ ತೆರೆಯಲ್ಲ.